ಸೋಮವಾರವೇ ಹಾಕಿದ ಏಳು ಹಿಡಿ

ನಾನು ಚಿಕ್ಕವನಿದ್ದಾಗ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತಿದ್ದದ್ದು ಒಂದು ತಗಡಿನ ಡಬ್ಬ. ಬಿಸ್ಕತ್ತಿನ ಹಳೇ ಡಬ್ಬ. ಮುಚ್ಚಳದ ಮೇಲಿನ ಚಿತ್ರವೆಲ್ಲ ಉಜ್ಜಿ ಹೋಗಿ ಒಂದು ಕುದುರೆಯ ಹಿಂಗಾಲು ಮಾತ್ರ ಉಳಿದಿತ್ತು. ಒಲೆಯ ಪಕ್ಕದ ಗೂಡಿನಲ್ಲಿ ಅದರ ಜಾಗ. ಒಳಗಿರುತ್ತಿದ್ದದ್ದು ಅಕ್ಕಿ. ನಮ್ಮ ಅಕ್ಕಿಯಲ್ಲ, ದೇವರ ಅಕ್ಕಿ.

ಮೊಮ್ಮಕ್ಕಳೇ, ನಿಮ್ಮ ಮನೆಗಳಲ್ಲಿ ಈ ಪದ್ಧತಿ ಇಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ನಮ್ಮ ಕ್ರೈಸ್ತ ಸಭೆಯ ಮನೆಗಳಲ್ಲಿ ಬೆಳಿಗ್ಗೆ ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮುಂಚೆ, ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಇಡುತ್ತಿದ್ದರು. ಹಿಡಿಯಕ್ಕಿ ಅನ್ನುತ್ತಿದ್ದೆವು. ಮುಷ್ಟಿ ಡಬ್ಬದ ಮೇಲಿರುವಾಗಲೇ ಯಾರಾದರೊಬ್ಬರ ಹೆಸರು ಹೇಳಿ ಪ್ರಾರ್ಥನೆ ಮಾಡಬೇಕು, ಆಮೇಲೆ ಬೆರಳು ಬಿಡಬೇಕು. ಭಾನುವಾರ ಅದನ್ನು ಚೀಲಕ್ಕೆ ಸುರಿದುಕೊಂಡು ಆರಾಧನೆಗೆ ಒಯ್ಯುತ್ತಿದ್ದೆವು. ಅಲ್ಲಿಂದ ಅದು ಕಷ್ಟದಲ್ಲಿರುವ ಮನೆಗಳಿಗೆ ಹೋಗುತ್ತಿತ್ತು. ದೇವರನ್ನು ಮೆಚ್ಚಿಸುವುದು ವರ್ಷಕ್ಕೊಂದು ದಿನದ ದೊಡ್ಡ ಕಾಣಿಕೆಯಲ್ಲ, ದಿನದಿನದ ವಿಧೇಯತೆ ಅಂತ ಸಭೆಯ ಅಯ್ಯನವರು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು. ನಾನು ಆಗ ಕಿಟಕಿಯ ಆಚೆ ಆಡು ಮೇಯುವುದನ್ನು ನೋಡುತ್ತಿದ್ದೆ.

ನಾವಿದ್ದದ್ದು ಕೋರಮಂಡಲ್‌ನ ಚಿನ್ನದ ಗಣಿ ಲೈನಿನಲ್ಲಿ. ಉದ್ದಕ್ಕೂ ಸಾಲು ಮನೆ, ತಗಡಿನ ಸೂರು, ಬಿದಿರು ತಟ್ಟಿಯ ಗೋಡೆ. ಪಕ್ಕದ ಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೆ ನಮ್ಮ ಮನೆಯಲ್ಲಿ ಸೀನು. ಗಾಳಿ ಎದ್ದರೆ ಗಣಿಯ ಬಿಳಿ ಮಣ್ಣಿನ ದಿಬ್ಬದಿಂದ ಹಿಟ್ಟಿನಂಥ ಧೂಳು ಬಂದು ನಾಲಿಗೆಯ ಮೇಲೆ ಕೂರುತ್ತಿತ್ತು. ನೆಲದ ಅಡಿಯಲ್ಲಿ ಎಲ್ಲೋ ಬಂಡೆ ಸಿಡಿದರೆ ಗೂಡಿನ ಪಾತ್ರೆಗಳೆಲ್ಲ ಗಲಗಲ ಅನ್ನುತ್ತಿದ್ದವು. ಬೆಳಿಗ್ಗೆ ಏಳಕ್ಕೆ ಗಣಿಯ ಸಂಗು ಕೂಗುತ್ತಿತ್ತು. ನೀವು ಸೈರನ್ ಅನ್ನುತ್ತೀರಿ, ಅದೇ. ಇಡೀ ಊರಿಗೆ ಗಡಿಯಾರ ಅಂದರೆ ಆ ಸಂಗು.

ಅಪ್ಪ ಗಣಿಯೊಳಗೆ ಇಳಿಯುವ ಕೆಲಸದವರು. ಆಳಕ್ಕೆ ಇಳಿಸುವ ಕಬ್ಬಿಣದ ಕೇಜಿನ ಬಾಗಿಲು ಮುಚ್ಚುವ ಮುಂಚೆ ತಲೆಯ ಟೋಪಿ ತೆಗೆದು, ಕಣ್ಣು ಮುಚ್ಚಿ, ಎರಡು ಮಾತು ಪ್ರಾರ್ಥಿಸುತ್ತಿದ್ದರು. ಜೊತೆಯವರು ಗೇಲಿ ಮಾಡುತ್ತಿದ್ದರಂತೆ: "ಏನಣ್ಣಾ, ನಿನ್ನೆ ಕೇಳಿದ್ದೇ ಇವತ್ತೂ ಕೇಳ್ತೀಯ. ನಿಮ್ ದೇವ್ರಿಗೆ ಅಷ್ಟೊಂದು ಮರೆವಾ?" ಅಪ್ಪ ಅನ್ನುತ್ತಿದ್ದರಂತೆ: "ನಿನ್ನೆ ಇಳ್ದಿದ್ದು ನಿನ್ನೆ ಕಣಪ್ಪ. ಇವತ್ತೂ ಇಳೀಬೇಕಲ್ಲ."

ಇಂಥ ಅಪ್ಪನ ಮಗ ನಾನು. ಬುದ್ಧಿ ಮಾತ್ರ ಬೇರೆ ಕಡೆಯಿಂದ ಬಂದಿತ್ತು. ಯಾವ ಕೆಲಸ ಕೊಟ್ಟರೂ ಅದರಲ್ಲಿ ಅರ್ಧ ಉಳಿಸುವ ದಾರಿ ನನಗೆ ಮೊದಲು ಕಾಣುತ್ತಿತ್ತು.

ನನಗೆ ಒಂಬತ್ತು ವರ್ಷವಾಗಿದ್ದ ಆ ಬೇಸಿಗೆಯಲ್ಲಿ, ಶಾಲೆಗೆ ಇನ್ನೂ ರಜೆ ಬಿಡುವ ಮುಂಚೆ, ಅಮ್ಮ ಹೆರಿಗೆಗೆ ಬಂಗಾರಪೇಟೆಯ ತವರಿಗೆ ಹೋಗಿದ್ದರು. ತಂಗಿ ಹುಟ್ಟಿದಳು ಅಂತ ಸುದ್ದಿ ಬಂತು. ಹಿಂದೆಯೇ ಅಮ್ಮನಿಗೆ ಜ್ವರ, ಬಿಡ್ತಿಲ್ಲ ಅಂತಲೂ ಬಂತು. ಅಮ್ಮನ ಮುಖ ನೋಡಿ ಒಂದೂವರೆ ತಿಂಗಳು ದಾಟಿತ್ತು. ಮನೆಯಲ್ಲಿ ಹದಿನಾಲ್ಕು ವರ್ಷದ ಅಕ್ಕನದ್ದೇ ಅಡುಗೆ. ಮುದ್ದೆಗೆ ಗಂಟು ಕಟ್ಟಿದರೂ ನಾವು ಮಾತಾಡುವಂತಿರಲಿಲ್ಲ.

ಒಂದು ಭಾನುವಾರ ಆರಾಧನೆ ಮುಗಿಸಿ ಬಂದ ಮೇಲೆ ಅಪ್ಪ ನನ್ನನ್ನು ಕರೆದು ಖಾಲಿ ಡಬ್ಬ ನನ್ನ ಕೈಯಲ್ಲಿಟ್ಟರು. "ನಿಮ್ಮಮ್ಮ ಏಳ್ ಕಳ್ಸವ್ಳೆ. ಇನ್ಮೇಲೆ ಹಿಡಿಯಕ್ಕಿ ನೀನ್ ಆಕ್ಬೇಕಂತೆ. ಏಳರ ಸಂಗು ಆದ್ಮೇಲೆ, ಅವಳ ಹೆಸ್ರು ಏಳಿ ಆಕು. ದಿನಾ. ಈ ಶನಿವಾರ ನಂಗೆ ರಜೆ. ತಪ್ಪಿಸ್ದೇ ಆಕಿದ್ರೆ ನನ್ ಜೊತೆ ಬಂಗಾರಪೇಟೆಗೆ ಬಾ, ಅಮ್ಮನ್ನ ನೋಡೀವಂತೆ."

ಅಮ್ಮನನ್ನು ನೋಡುವುದು! ಅದಕ್ಕೆ ಅಕ್ಕಿಯೇನು, ಕಲ್ಲು ಹೊರು ಅಂದಿದ್ದರೂ ಹೊರುತ್ತಿದ್ದೆ. ಒಪ್ಪಿಕೊಂಡೆ.

ಸೋಮವಾರ ಬೆಳಿಗ್ಗೆ ಸಂಗು ಕೂಗಿತು. ಅಕ್ಕ ಅಕ್ಕಿ ಅಳೆದಿಟ್ಟು ನೀರಿಗೆ ನಲ್ಲಿಯ ಹತ್ತಿರ ಹೋಗಿದ್ದಳು. ಹೊರಗೆ ಹುಡುಗರು ಗೋಲಿಗೆ ಗುಂಡಿ ತೋಡುತ್ತಿದ್ದ ಸದ್ದು. ನಾನು ಡಬ್ಬ ತೆಗೆದು ಒಂದು ಹಿಡಿ ಹಾಕಿದೆ. ಮುಚ್ಚಳ ಮುಚ್ಚುವಾಗ ತಲೆ ಓಡಿತು. ದಿನಕ್ಕೊಂದರಂತೆ ಏಳು ದಿನಕ್ಕೆ ಏಳು ಹಿಡಿ. ಅಷ್ಟನ್ನೂ ಈಗಲೇ ಹಾಕಿಬಿಟ್ಟರೆ? ಭಾನುವಾರ ಚೀಲದಲ್ಲಿ ಇರಬೇಕಾದ್ದು ಇರುತ್ತದೆ. ದೇವರಿಗೂ ನಷ್ಟವಿಲ್ಲ, ನನಗೂ ವಾರವಿಡೀ ಬಿಡುವು. ಅಕ್ಕಿಯ ಮೂಟೆಯಿಂದ ಇನ್ನೂ ಆರು ಹಿಡಿ ತೆಗೆದು ಹಾಕಿದೆ. ಒಂದೊಂದು ಹಿಡಿಗೂ "ದೇವರೇ ಅಮ್ಮನ್ನ ಚೆನ್ನಾಗಿಡು ಆಮೆನ್" ಅಂತ ಮಗ್ಗಿ ಒಪ್ಪಿಸಿದ ಹಾಗೆ ಹೇಳಿದೆ. ಹೇಳದೆ ಬಿಡಲಿಲ್ಲ, ನೆನಪಿಡಿ. ಏಳೂ ಸಲ ಹೇಳಿದೆ.

ಮಂಗಳವಾರ ಅಕ್ಕ ಕೇಳಿದಳು, "ಆಯ್ತೇನ್ಲಾ?" "ಆಯ್ತು" ಅಂದೆ. ಆಗಿತ್ತಲ್ಲ! ಬುಧವಾರವೂ ಕೇಳಿದಳು. "ಆಯ್ತಕ್ಕ" ಅಂತ ಬಾಗಿಲಿಂದಲೇ ಕೂಗಿ ಗೋಲಿಯಾಟಕ್ಕೆ ಓಡಿದೆ.

ಅವತ್ತು ನಾನು ಆಟದಿಂದ ಬರುವಷ್ಟರಲ್ಲಿ ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಮೈ ತೊಳೆದು ಕೂತಿದ್ದರು. ಅಷ್ಟರಲ್ಲಿ ಸಭೆಯ ದೊಡ್ಡಮ್ಮ ಬಂದರು. ಮನೆಮನೆಗೆ ಹೋಗಿ ಕಷ್ಟಸುಖ ವಿಚಾರಿಸುವುದು ಅವರ ಸೇವೆ. ಮುಖದ ತುಂಬ ಬೆವರು, ಕಂಕುಳಲ್ಲಿ ಬಟ್ಟೆಯ ಚೀಲ. ಹಿಂದಿನ ಲೈನಿನಲ್ಲಿ ಒಬ್ಬರು ಕಾಲು ಮುರಿದುಕೊಂಡು ಮಲಗಿದ್ದಾರೆ, ಮನೆಯಲ್ಲಿ ನಾಲ್ಕು ಮಕ್ಕಳು, ಭಾನುವಾರದವರೆಗೆ ಕಾಯುವುದಕ್ಕಾಗುವುದಿಲ್ಲ, ಡಬ್ಬದಲ್ಲಿ ಇರುವಷ್ಟು ಈಗಲೇ ಕೊಡಿ ಅಂದರು. ಅಕ್ಕ ಡಬ್ಬ ತಂದು ಚೀಲಕ್ಕೆ ಸುರಿದಳು. ಅಕ್ಕಿ ಸುರಿಯುತ್ತಲೇ ಇತ್ತು.

"ಅಯ್ಯೋ ನನ್ನಪ್ಪನೇ, ಬುಧವಾರಕ್ಕೇ ಇಷ್ಟೊಂದಾ!" ದೊಡ್ಡಮ್ಮ ನನ್ನ ಕೆನ್ನೆ ಹಿಂಡಿದರು. "ನಿನ್ ಕೈಗೆ ದೇವ್ರು ಒಳ್ಳೇದ್ ಮಾಡ್ಲಿ ಕಣೋ."

ನಾನು ಎದೆ ಉಬ್ಬಿಸಿ ನಿಂತಿದ್ದೆ. ಅಪ್ಪ ಚೀಲವನ್ನೇ ನೋಡುತ್ತಿದ್ದರು. ದೊಡ್ಡಮ್ಮ ಲೈನಿನ ತುದಿ ದಾಟುವವರೆಗೂ ಕಾದರು. ಆಮೇಲೆ ಕೇಳಿದರು:

"ಇವತ್ತು ಯಾವಾರ?"

"ಬುಧವಾರ."

"ಎಷ್ಟು ಹಿಡಿ ಇರ್ಬೇಕು?"

"ಮೂರು."

"ಎಷ್ಟಿತ್ಲಾ?"

"ಏಳು. ಕಮ್ಮಿ ಆಗಿಲ್ಲಪ್ಪ, ಜಾಸ್ತೀನೇ ಇತ್ತು!"

ಎಲ್ಲವನ್ನೂ ಹೇಳಿದೆ. ಮುಚ್ಚಿಡುವಂಥದ್ದೇನೂ ನನಗೆ ಕಾಣಲಿಲ್ಲ. ಮೇಲಾಗಿ ನನ್ನ ಕೈಯಲ್ಲಿ ಒಳ್ಳೆಯ ವಾದವಿತ್ತು. ನಾನು ದಿನಕ್ಕೊಂದರಂತೆ ಹಾಕಿದ್ದರೆ ಆ ನಾಲ್ಕು ಮಕ್ಕಳಿಗೆ ಇವತ್ತು ಸಿಗುತ್ತಿದ್ದದ್ದು ಮೂರೇ ಹಿಡಿ. ನನ್ನ ದಾರಿಯಿಂದ ಏಳು ಸಿಕ್ಕಿತು. ಯಾವುದು ಮೇಲು, ನೀನೇ ಹೇಳಪ್ಪ ಅಂದೆ.

ಮಕ್ಕಳೇ, ಎಪ್ಪತ್ತು ದಾಟಿದೆ ನನಗೆ. ಬಂಗಾರಪೇಟೆಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟು, ನಲವತ್ತು ವರ್ಷ ಬಾಯಿ ಬಲದಿಂದಲೇ ಬದುಕಿದೆ. ಇವತ್ತಿಗೂ ಆ ವಾದದಲ್ಲಿ ನನಗೆ ಒಂದು ತೂತೂ ಕಾಣುವುದಿಲ್ಲ. ಅಪ್ಪ ಅದಕ್ಕೆ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲೇ.

ಅಪ್ಪ ಎದ್ದು, ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬನ್ನು ತಟ್ಟಿದರು. "ಗಣಿಗೆ ಇಳಿಯೋವಾಗ ಆಜ್ರಿ ಬಿಲ್ಲೆ ಇಸ್ಕೊಂಡು ಇಳೀತೀನಿ, ಗೊತ್ತಲ್ಲ. ಸೋಮವಾರಾನೇ ಆರು ದಿನದ ಬಿಲ್ಲೆ ಕೊಟ್ಬಿಡಿ ಸ್ವಾಮಿ, ಮನೇಲಿ ಮಲಕ್ಕತ್ತೀನಿ ಅಂದ್ರೆ ಕೊಟ್ಟಾರಾ?"

"ಅದು ಗಣಿ. ಇದು ಅಕ್ಕಿ" ಅಂದೆ.

"ಅಕ್ಕಿಗೆ ಕೊರತೆ ಅಂತ ದೇವ್ರು ನಿನ್ ತಾವ ಬಂದಿದ್ನೇನ್ಲಾ?"

ನಾನು ಖಾಲಿ ಡಬ್ಬವನ್ನು ಗೂಡಿಗೆ ತಳ್ಳಿದೆ.

"ಇವತ್ತಿಗೆ ಓಯ್ತು. ನಾಳೆಯಿಂದ ಇನ್ನೊಂದ್ಸಲ ಶುರು ಮಾಡು. ಈ ಶನಿವಾರ ನೀನ್ ಬರಂಗಿಲ್ಲ. ಮುಂದಿನ ಶನಿವಾರ ನೋಡಾನ."

ಆಗ ಶುರುವಾಯಿತು ನನ್ನ ಚೌಕಾಸಿ. ನಾಳೆಯಿಂದ ದಿನಕ್ಕೆ ಎರಡು ಹಿಡಿ ಹಾಕುತ್ತೇನೆ, ಈ ಶನಿವಾರ ಬರುತ್ತೇನೆ ಅಂದೆ. ಬೇಡ. ಮೂರು ಹಿಡಿ? ಬೇಡ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ? ಬೇಡ. ಒಂದು ತಿಂಗಳು ನನ್ನ ಪಾಲಿನ ಬೆಲ್ಲ ಅಕ್ಕನಿಗೆ? ಅಕ್ಕ ಆಸೆಯಿಂದ ಅಪ್ಪನ ಕಡೆ ನೋಡಿದಳು. ಅಪ್ಪ ಮುಸಿಮುಸಿ ನಕ್ಕು, "ನಿನ್ ಬುದ್ಧಿಗೆ ಒಂದ್ ಅಂಗಡಿ ಇಕ್ಕೊಡ್ಬೇಕು ಕಣ್ಲಾ" ಅಂದು ಮಗ್ಗುಲಾದರು. ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ಯಾವ ಚೌಕಾಸಿಗೆ ಕೂತರೂ ಎದುರಿನವನಿಗೆ ಏನು ಬೇಕು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಅದು ತಿಳಿಯದೆ ನೀವು ಎಷ್ಟು ಮೇಲಕ್ಕೆ ಹೋದರೂ ವ್ಯಾಪಾರ ಕುದುರುವುದಿಲ್ಲ. ಅವತ್ತು ನಾನು ಹಿಡಿಯ ಮೇಲೆ ಹಿಡಿ ಏರಿಸುತ್ತಾ ಹೋದೆ. ಏನು ಬೇಕು ಅಂತ ಒಂದು ಸಲವೂ ಕೇಳಲಿಲ್ಲ.

ಶನಿವಾರ ಅಪ್ಪ ಮತ್ತು ಅಕ್ಕ ಹೊರಟರು. ಅಕ್ಕ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು, ಅಮ್ಮನಿಗೆ ಕೊಡಲು ಹುರಿಹಿಟ್ಟಿನ ಡಬ್ಬ ಹಿಡಿದಿದ್ದಳು. ನಾನು ಸ್ಟೇಷನ್‌ವರೆಗೂ ಹಿಂದೆ ಹಿಂದೆಯೇ ಹೋದೆ. ಕೊನೇ ಗಳಿಗೆಯಲ್ಲಿ ಅಪ್ಪನ ಮನಸ್ಸು ಕರಗೀತು ಅಂತ ಆಸೆ. ರೈಲು ಬಂತು. ಕಲ್ಲಿದ್ದಲ ಹೊಗೆಯ ವಾಸನೆ, ಬಿಸಿ ಆವಿ. ಅಪ್ಪ ಹತ್ತಿದರು. ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ತಲೆ ಮುಟ್ಟಲು ಬಂದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ರೈಲು ಹೋದ ಮೇಲೆ ಹಳಿಯ ಜಲ್ಲಿಕಲ್ಲನ್ನು ಒಂದೊಂದಾಗಿ ತೆಗೆದು ಬೇಲಿಗೆ ಹೊಡೆದೆ, ತೋಳು ನೋಯುವವರೆಗೆ.

ಪಕ್ಕದ ಮನೆಯ ಅತ್ತೆ ಮಧ್ಯಾಹ್ನ ಊಟಕ್ಕೆ ಕರೆದರು. ತಮಿಳರು, ಮನೆಯಲ್ಲಿ ಮುರುಗನ ಪಟ. ಎಲ್ಲ ಮಕ್ಕಳನ್ನೂ "ಕಣ್ಣು" ಅಂತಲೇ ಕರೆಯುತ್ತಿದ್ದರು. ಹುಳಿ ಗಮಗಮ ಅನ್ನುತ್ತಿತ್ತು, ನಾನು ಮಾತ್ರ ಅನ್ನ ಕಲಸುತ್ತಲೇ ಕೂತೆ. ನನ್ನ ವಾದವನ್ನೆಲ್ಲ ಅವರ ಮುಂದಿಟ್ಟೆ. ಅವರಾದರೂ ಹೌದು ಅನ್ನಲಿ ಅಂತ. ಅವರು ಕೇಳಿ ಮುಗಿಸಿ, "ನಾನು ಬೆಳಿಗ್ಗೆ ವಿಳಕ್ಕು ಹಚ್ತೀನಲ್ಲ ಕಣ್ಣು. ಇವತ್ತೇ ಏಳು ಬತ್ತಿ ಹಚ್ಚಿದ್ರೆ ನಾಳೆ ಮನೆ ಬೆಳಕಾಗುತ್ತಾ? ಸಾಪ್ಪಿಡು, ಅನ್ನ ಆರುತ್ತೆ" ಅಂದರು. ಎಲ್ಲರೂ ಸೇರಿಕೊಂಡು ನನ್ನ ಮೇಲೆ ಬಿದ್ದಿದ್ದಾರೆ ಅನ್ನಿಸಿತು.

ಗುರುವಾರದಿಂದಲೇ ನಾನು ದಿನಾ ಹಾಕುತ್ತಿದ್ದೆ. ಭಕ್ತಿಯಿಂದ ಅಂತ ತಿಳಿಯಬೇಡಿ. ಹಲ್ಲು ಕಚ್ಚಿಕೊಂಡು ಹಾಕುತ್ತಿದ್ದೆ. "ದೇವರೇ. ಅಮ್ಮ. ಆಮೆನ್." ಮೂರೇ ಮಾತು. ಮುಚ್ಚಳ ಪಟಾರ್. ಅಕ್ಕ ಬೆಚ್ಚಿ ಬೀಳುತ್ತಿದ್ದಳು. ಭಾನುವಾರವೂ ಹಾಗೇ, ಸೋಮವಾರವೂ ಹಾಗೇ. ಮಂಗಳವಾರ ಮುಷ್ಟಿ ಹಿಡಿದು ನಿಂತಾಗ, ಅಮ್ಮ ಈಗ ಎದ್ದಿರುತ್ತಾರಾ ಅಂತ ಒಂದು ಯೋಚನೆ ಬಂತು. ಜ್ವರ ಬಂದರೆ ಅಮ್ಮ ಹಣೆಗೆ ಒದ್ದೆ ಸೆರಗು ಕಟ್ಟಿಕೊಳ್ಳುತ್ತಿದ್ದರು. ಅದು ಕಣ್ಣ ಮುಂದೆ ಬಂತು. ಅಷ್ಟೇ. ಅವತ್ತು ಮುಚ್ಚಳ ಸ್ವಲ್ಪ ಮೆಲ್ಲಗೆ ಮುಚ್ಚಿರಬೇಕು.

ಬುಧವಾರ ಮರೆತೇಬಿಟ್ಟೆ. ಪುಸ್ತಕದ ಚೀಲ ನೇತುಹಾಕಿಕೊಂಡು ಶಾಲೆಯ ದಾರಿಯಲ್ಲಿ ಅರ್ಧ ಹೋಗಿದ್ದೆ, ನೆನಪಾಯಿತು. ಬರಿಗಾಲಲ್ಲಿ ವಾಪಸ್ಸು ಓಡಿದೆ. ಕಾಲಿಗೆ ಮುಳ್ಳು ಹೊಕ್ಕರೂ ನಿಲ್ಲಲಿಲ್ಲ. ಅಕ್ಕ ತೊಳೆದ ಅಕ್ಕಿಯನ್ನು ಎಸರಿಗೆ ಹಾಕುವುದರಲ್ಲಿದ್ದಳು. "ಅಕ್ಕಾ, ನಿಲ್ಲೇ!" ಅಂತ ಬಾಗಿಲಿಂದಲೇ ಕಿರುಚಿದೆ. ಒದ್ದೆ ಅಕ್ಕಿ ಡಬ್ಬಕ್ಕೆ ಹಾಕಿದರೆ ಮುಗ್ಗುತ್ತದೆ. ಅಕ್ಕ ಒಂದು ಹಿಡಿ ಒದ್ದೆ ಅಕ್ಕಿಯನ್ನು ಮೊರದ ಮೇಲೆ ಹರಡಿ, "ನೀನ್ ಓಗು, ಒಣಗಿದ್ಮೇಲೆ ನಾನ್ ಆಕ್ತೀನಿ" ಅಂದಳು. ಬೇಡ ಅಂದೆ. ಮೊರವನ್ನು ಬಿಸಿಲಿಗೆ ಹಿಡಿದುಕೊಂಡು ನಾನೇ ಕೂತೆ. ಒಣಗುವವರೆಗೂ ಕೂತು, ಅಮ್ಮನ ಹೆಸರು ಹೇಳಿ ಹಾಕಿ, ಶಾಲೆಗೆ ಹೋದರೆ ಎರಡು ಗಂಟೆ ತಡ. ಮೇಷ್ಟ್ರು ಬಲಗೈಗೇ ನಾಲ್ಕು ಕೊಟ್ಟರು. ಯಾಕೆ ತಡ ಅಂತ ಕೇಳಿದರೆ ಏನು ಹೇಳಲಿ? ಅಕ್ಕಿ ಒಣಗಿಸುತ್ತಿದ್ದೆ ಅನ್ನಲೇ?

ಕೊನೆಗೂ ಆ ಶನಿವಾರ ಬಂತು. ಅಕ್ಕನನ್ನು ಅತ್ತೆಯ ಮನೆಯಲ್ಲಿ ಬಿಟ್ಟು ಅಪ್ಪ ನನ್ನನ್ನು ಕರೆದುಕೊಂಡು ಹೊರಟರು. ರೈಲಿನಲ್ಲಿ ನಾನು ಅಪ್ಪನಿಗೆ ಬೆನ್ನು ಹಾಕಿ ಕಿಟಕಿಗೆ ಅಂಟಿಕೊಂಡೆ. ನನಗೆ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಅಮ್ಮ ಕತ್ತಲೆ ಕೋಣೆಯಲ್ಲಿ ಹಗ್ಗದ ಮಂಚದ ಮೇಲೆ ಕೂತಿದ್ದರು. ಬಳೆಗಳು ಮೊಳಕೈವರೆಗೂ ಜಾರುವಷ್ಟು ಸಣ್ಣಗಾಗಿದ್ದರು. ಬೆಳ್ಳುಳ್ಳಿ, ಬಜೆ, ಸಾಂಬ್ರಾಣಿಯ ವಾಸನೆ. ಪಕ್ಕದಲ್ಲಿ ಬಟ್ಟೆಯ ಗಂಟಿನ ಹಾಗೆ ತಂಗಿ. ನಾನು ಅಮ್ಮನ ಮಡಿಲಿಗೆ ಮುಖ ಹುದುಗಿಸಿದೆ. ಅಮ್ಮ ನನ್ನ ಬಲಗೈ ತೆಗೆದುಕೊಂಡು ತಿರುಗಿಸಿ ನೋಡಿದರು.

"ಇದೇ ಕೈಯಲ್ವಾ ಮಗಾ ದಿನಾ ಹಿಡಿಯಕ್ಕಿ ಆಕಿದ್ದು?"

ನಾನು ತಲೆಯಾಡಿಸಿದೆ.

"ಇಲ್ಲಿ ಸಂಗು ಕೇಳ್ಸಲ್ಲ. ಬೆಳಿಗ್ಗೆ ನಮ್ಮೂರ್ ಕಡೆ ಓಗೋ ರೈಲು ಕೂಗುತ್ತಲ್ಲ, ಅದೇ ನಂಗೆ ಸಂಗು. ಬಾಯಿಗೆ ಏನೂ ಸೇರ್ತಿರ್ಲಿಲ್ಲ ಕಣಪ್ಪ, ಗಂಜಿ ಕಂಡ್ರೆ ವಾಕರಿಕೆ. ರೈಲು ಕೂಗಿದ್ ತಕ್ಷಣ ಅನ್ಕೊತಿದ್ದೆ, ಈಗ ನನ್ ಮಗ ಡಬ್ಬದ್ ಮುಂದೆ ನಿಂತು ನನ್ ಹೆಸ್ರು ಏಳ್ತಾವ್ನೆ ಅಂತ. ಅವಾಗ ಕಣ್ಮುಚ್ಕೊಂಡು ನಾಲ್ಕು ಗುಟುಕು ಕುಡೀತಿದ್ದೆ. ಓದ ವಾರ, ಬುಧವಾರ, ಜ್ವರ ನೆತ್ತಿಗೇರಿತ್ತು. ಇನ್ನಾಗಲ್ಲ ಅನ್ನಿಸ್ಬಿಡ್ತು. ಅವತ್ತೂ ರೈಲು ಕೂಗ್ತು. ನನ್ ಮಗ ನಿಂತವ್ನೆ, ನಾನ್ ಮಲಗ್ಬಾರ್ದು ಅಂತ ಎದ್ ಕೂತೆ."

ಆ ಬುಧವಾರ ನಾನು ಗೋಲಿಯಾಡುತ್ತಿದ್ದೆ.

ತಿರುಗಿ ಅಪ್ಪನನ್ನು ನೋಡಿದೆ. ಅಪ್ಪ ಹೊಸ್ತಿಲ ಮೇಲೆ ಕೂತು ಚಪ್ಪಲಿಯ ಮಣ್ಣು ಕೆರೆಯುತ್ತಿದ್ದರು. ನಾನು ಹೋದ ಶನಿವಾರ ಯಾಕೆ ಬರಲಿಲ್ಲ ಅನ್ನುವುದನ್ನು ಅವರೂ ಹೇಳಿರಲಿಲ್ಲ, ಅಕ್ಕನೂ ಹೇಳಿರಲಿಲ್ಲ. ನಾನು ಸುಮ್ಮನಿದ್ದರೆ ಅಮ್ಮನಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಆ ಲೆಕ್ಕವೂ ನನ್ನ ತಲೆಗೆ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಅಮ್ಮ ಇನ್ನೂ ನನ್ನ ಕೈ ಹಿಡಿದಿದ್ದರು.

"ಅಮ್ಮಾ, ಆ ಬುಧವಾರ ನಾನು ನಿಂತಿರ್ಲಿಲ್ಲ. ಸೋಮವಾರಾನೇ ಏಳೂ ಆಕ್ಬಿಟ್ಟಿದ್ದೆ" ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

ತಂಗಿ ಒಂದು ಸಲ ಮುಲುಗಿದಳು. ಆಮೇಲೆ ಅಮ್ಮ ಕೇಳಿದರು, "ಇವತ್ತು ನಿಂತಿದ್ಯಾ?"

"ನಿಂತಿದ್ದೆ."

"ಸರಿ. ನಾಳೆ?"

ಅಷ್ಟೇ ಕೇಳಿದ್ದು. ಬೈಯಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಆ ಪ್ರಶ್ನೆಗೆ ನಾನು ಇಷ್ಟು ವರ್ಷವಾದರೂ ಉತ್ತರ ಕೊಡುತ್ತಲೇ ಇದ್ದೇನೆ. ಎಷ್ಟೋ ಬೆಳಿಗ್ಗೆ ತಪ್ಪಿದ್ದೇನೆ. ಮಂಡಿಗೆ ಲಾರಿ ಬಂದಿದೆ ಅಂತ ಪ್ರಾರ್ಥನೆಯನ್ನು ನುಂಗಿದ್ದೇನೆ. ವರ್ಷದ ಕೊನೆಗೆ ದೊಡ್ಡ ಕಾಣಿಕೆ ಹಾಕಿ ಸರಿಮಾಡಲು ನೋಡಿದ್ದೇನೆ. ಸರಿಹೋಗುವುದಿಲ್ಲ. ನಾನು ಗೆಲ್ಲಲಾಗದ ಚೌಕಾಸಿ ಇದೊಂದೇ, ಅದಕ್ಕೇ ಇದರ ಮೇಲೆ ನನಗೆ ಇಷ್ಟು ಕಿರಿಕಿರಿ.

ಈಗ ಗಣಿ ಮುಚ್ಚಿದೆ. ನಿಮ್ಮ ಊರಲ್ಲಿ ಸಂಗು ಇಲ್ಲ, ಫೋನಿದೆ. ಬಂಗಾರಪೇಟೆಯಲ್ಲಿರುವವರ ಮುಖ ಬೇಕಾದಾಗ ನೋಡುತ್ತೀರಿ, ಒಂದೂವರೆ ತಿಂಗಳು ಕಾಯಬೇಕಿಲ್ಲ. ಅಕ್ಕಿ ಮನೆ ಬಾಗಿಲಿಗೇ ಬರುತ್ತದೆ. ಬೈಬಲ್ ಕೂಡ ಅದೇ ಫೋನಿನಲ್ಲಿ, ದಿನಕ್ಕೊಂದು ಭಾಗ, ಓದಿದ್ದಕ್ಕೆ ಒಂದು ಹಸಿರು ಗುರುತು. ನಮಗಿಂತ ಎಲ್ಲವೂ ಸುಲಭ. ಒಳ್ಳೆಯದೇ. ನನಗೆ ಹೊಟ್ಟೆಕಿಚ್ಚಿಲ್ಲ.

ಆದರೆ ಮೊನ್ನೆ ಭಾನುವಾರ ಆರಾಧನೆಗೆ ಹೊರಡುವ ಮುಂಚೆ ನಿಮ್ಮಲ್ಲೊಬ್ಬಳು ಸೋಫಾದ ಮೇಲೆ ಕಾಲು ಚಾಚಿಕೊಂಡು, ವಾರದ ಏಳೂ ಭಾಗವನ್ನು ಹತ್ತು ನಿಮಿಷದಲ್ಲಿ ಓದಿ, ಏಳೂ ಹಸಿರು ಗುರುತನ್ನು ಒಟ್ಟಿಗೇ ಒತ್ತಿದಳು. ನಾನು ಗದರಿದೆ. ಅವಳು, "ಯಾಕೆ ತಾತ, ಎಲ್ಲಾ ಓದಿದ್ದೀನಲ್ಲ? ಒಂದಾದ್ರೂ ಬಿಟ್ಟಿದ್ದೀನಾ?" ಅಂದಳು. ಬಿಟ್ಟಿರಲಿಲ್ಲ. ನನಗೆ ಮಾತು ಹೊರಡಲಿಲ್ಲ. ಅಪ್ಪನಿಗೂ ಅವತ್ತು ಹೀಗೇ ಆಗಿರಬೇಕು.

ಅದಕ್ಕೇ ಇಷ್ಟುದ್ದ ಬರೆದೆ. ವಾದ ಮಾಡಬೇಕಿದ್ದರೆ ಬಾ ಮಗಳೇ, ನನಗೂ ಅದೇ ಬೇಕು. ಬರುವ ಮುಂಚೆ ಇವತ್ತಿನ ಭಾಗ ಓದಿಕೊಂಡು ಬಾ. ನಾಳೆಯದು ಮುಟ್ಟಬೇಡ.